ಐದನೆಯ ಕಲ್ಲಿನ ಇದ್ದಿಲು

ಮೊದಲ ಕಲ್ಲಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದರೆ ಏಳು ಗಡಿಕಲ್ಲುಗಳಲ್ಲಿ ಮೊದಲ ನಾಲ್ಕು ಒಂದೇ ಕಲ್ಲಾಗಿ ಕಾಣುತ್ತಿದ್ದವು. ಉಳಿದ ಮೂರು ಮಾತ್ರ ಪಕ್ಕಕ್ಕೆ ಇಣುಕುತ್ತಿದ್ದವು. ನಮ್ಮ ಹೊಲಕ್ಕೂ ಜಟ್ಟೆಪ್ಪಕಾಕಾನ ಹೊಲಕ್ಕೂ ನಡುವಿದ್ದ ಕಳ್ಳಿಸಾಲು ಕಡಿಸಿದ ವರ್ಷ ಅದನ್ನು ಮೊದಲು ಕಂಡವನು ನಾನು. ಆಗ ನನಗೆ ಹದಿನೆಂಟು, ಬಾಯಿಗೆ ಬೀಗವಿರಲಿಲ್ಲ. "ಕಲ್ಲು ಸರಿಸ್ಯಾರ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದೆ.

ಆ ಮೂರು ಕಲ್ಲುಗಳು ನಮ್ಮ ಹೊಲದೊಳಕ್ಕೆ ಒಂದು ಮಾರು ಬಂದಿದ್ದವು. ಸಾಲದ್ದಕ್ಕೆ, ತಲೆಮಾರುಗಳಿಂದ ಸುತ್ತಲಿನ ಊರುಗಳಿಗೆಲ್ಲ ಗಡಿಕಲ್ಲು ನೆಡುತ್ತಿದ್ದ ಮನೆತನ ಕಾಕಾನದು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಎಂದರು ಜನ. ಕಾಕಾ ಹೇಳಿದ್ದು ಇಷ್ಟೇ: "ನಮ್ಮ ಹಿರೇರು ಕಲ್ಲಿನ ಬುಡಕ್ಕ ಇದ್ದಲಿ ತುಂಬ್ಯಾರ. ಎತ್ತಿ ನೋಡ್ರಿ. ನಾ ಸರಿಸಿದ್ರ ಇದ್ದಲಿ ಅಲ್ಲಿ ಇರಂಗಿಲ್ಲ." ಆದರೆ ನೆಟ್ಟ ಗಡಿಕಲ್ಲನ್ನು ಎತ್ತಿದವರ ವಂಶ ಉಳಿಯುವುದಿಲ್ಲವೆಂದು ನಮ್ಮಲ್ಲಿ ನಂಬಿಕೆ. ಯಾರೂ ಎತ್ತಲಿಲ್ಲ. ಇಪ್ಪತ್ತೆರಡು ವರ್ಷ ಯಾರೂ ಅವರನ್ನು ಕಲ್ಲು ನೆಡಲು ಕರೆಯಲೂ ಇಲ್ಲ.

ಆಮೇಲೆ ಬಂದವರು ವಾರಿಜಾ ಎಂಬ ಭೂವಿಜ್ಞಾನಿ. "ಬೆಟ್ಟದಿಂದ ನೇರವಾಗಿ ಇಳಿದ ಹಳ್ಳ ಇಲ್ಲೇಕೆ ಎರಡು ಮೈಲಿ ಪಕ್ಕಕ್ಕೆ ಓಡಿ, ಮತ್ತೆ ನೇರವಾಗಿದೆ?" ಎಂದು ಕೇಳಿದರು. ಹುಟ್ಟಿದಾಗಿನಿಂದ ಕಂಡ ಹಳ್ಳ; ನಾನು ಒಮ್ಮೆಯೂ ಹಾಗೆ ಕೇಳಿಕೊಂಡಿರಲಿಲ್ಲ. ನೆಲದಲ್ಲಿ ಉದ್ದಕ್ಕೂ ಒಂದು ಸೀಳಿದೆಯಂತೆ. ಅದರ ಎರಡು ಬದಿಗಳು ಎದುರುಬದುರು ದಿಕ್ಕಿಗೆ ಜಾರುತ್ತಿವೆಯಂತೆ. ಎಷ್ಟು ಜಾರಿದೆಯೆಂದು ಹಳ್ಳ ಹೇಳುತ್ತದೆ, ಎಷ್ಟು ಕಾಲದಿಂದ ಎಂದು ಯಾರು ಹೇಳಬೇಕು?

"ಮೊದಲು ನೇರವಾಗಿದ್ದು, ಈಗ ಸೊಟ್ಟಗಾದದ್ದು ಏನಾದರೂ ಇದೆಯೇ? ಅದರ ವಯಸ್ಸೂ ಗೊತ್ತಾಗುವಂತಿರಬೇಕು."

ಐದನೆಯ ಕಲ್ಲಿನಿಂದ ಗಡಿಸಾಲು ಸೊಟ್ಟಗಾದದ್ದು ನನಗೆ ನೆನಪಾಯಿತು. ಅವರನ್ನು ಐದನೆಯ ಕಲ್ಲಿನ ಹತ್ತಿರ ಕರೆದೊಯ್ದು ಇದ್ದಿಲಿನ ಮಾತು ಹೇಳಿದೆ.

"ಎತ್ತುವುದು ಬೇಡ, ಪಕ್ಕದಿಂದ ಅಗೆದರೆ ಸಾಕು" ಎಂದರು. ಇಷ್ಟು ಸುಲಭದ ಉಪಾಯ ಇಡೀ ಊರಿಗೆ ಹೊಳೆದಿರಲಿಲ್ಲ!

ನಾನೇ ಅಗೆದೆ. ಕಾಕಾ ತಮ್ಮ ಹೊಲದಲ್ಲಿ ಕೈಕಟ್ಟಿ ನಿಂತಿದ್ದರು. ಇದ್ದಿಲು ಸಿಗದಿದ್ದರೆ ಅವರು ಕಳ್ಳರು, ಸಿಕ್ಕರೆ ನಾನು ಪಾಪಿ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೆ ಎರಡರ ಅಂಜಿಕೆಯೂ ಇರಲಿಲ್ಲ. ಅಲ್ಲಿ ಏನಿದೆಯೆಂದು ನೋಡುವ ಆಸೆಯೊಂದೇ ಇತ್ತು. ಮೊಣಕೈ ಆಳಕ್ಕೆ ಹೋದಾಗ ಬೆರಳಿಗೆ ಕಪ್ಪು ಹತ್ತಿತು. ತಲೆಯೆತ್ತಿ ಕಾಕಾನನ್ನು ನೋಡಲಾಗಲಿಲ್ಲ.

ವಯಸ್ಸು ಪರೀಕ್ಷಿಸಲು ಇದ್ದಿಲಿನ ಚೂರು ಒಯ್ದಿದ್ದ ವಾರಿಜಾ ಅವರ ಕಾಗದ ನಾಲ್ಕು ತಿಂಗಳ ಮೇಲೆ ಬಂತು. ಕಾಕಾನ ಮನೆಯ ಕಟ್ಟೆಯ ಮೇಲೆ ಕೂತು ಓದಿ ಹೇಳಿದೆ. ಇದ್ದಿಲಿಗೆ ಅಂದಾಜು ನಾನೂರು ವರ್ಷ. ಆ ಸೀಳು ನಾಲ್ಕನೆಯ, ಐದನೆಯ ಕಲ್ಲುಗಳ ನಡುವೆ ಹಾದಿದೆ; ಕೊನೆಯ ಮೂರು ಕಲ್ಲುಗಳನ್ನು ಹೊತ್ತುಕೊಂಡೇ ನೆಲ ಒಂದು ಮಾರು ಜಾರಿದೆ, ವರ್ಷಕ್ಕೆ ಒಂದು ಅಕ್ಕಿಕಾಳಿನುದ್ದ. ಅದೇ ನಡಿಗೆಯಲ್ಲಿ ಹಳ್ಳ ಎರಡು ಮೈಲಿ ಸರಿಯಲು ಆರು ಲಕ್ಷ ವರ್ಷಕ್ಕೂ ಹೆಚ್ಚು ಬೇಕು.

ಕಾಕಾ ಪಕ್ಕದ ಮೊರದಿಂದ ಒಂದು ಅಕ್ಕಿಕಾಳು ಎತ್ತಿ ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು.

"ಇಷ್ಟಕ್ಕ ನಾ ಕಳ್ಳ ಆದ್ನೇನೋ, ತಮ್ಮಾ?"

"ನಾ ನೋಡಿದ್ದು ಖರೇ ಇತ್ತು, ಕಾಕಾ. ಅಂದದ್ದು ತಪ್ಪಾತು."

"ಒಂದ ಕಣ್ಣಾಗ ನೋಡಿದ್ಯಲ್ಲೋ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವರ ಕಾಲು ಹಿಡಿದುಕೊಂಡೆ.

ಮರುವಾರ ಪಕ್ಕದೂರಿನವರು ಕಲ್ಲು ನೆಡಲು ಅವರನ್ನು ಕರೆದರು. ಹೆಗಲ ಮೇಲೆ ಹಾರೆ, ಕೈಯಲ್ಲಿ ಇದ್ದಿಲಿನ ಚೀಲ ಹಿಡಿದು ಕಾಕಾ ಗಡಿಯ ಗುಂಟ ಹೊರಟರು. ನಾನು ಮೊದಲ ಕಲ್ಲಿನ ಹತ್ತಿರ ನಿಂತು ಎರಡೂ ಕಣ್ಣು ತೆರೆದು ನೋಡಿದೆ. ನಾಲ್ಕನೆಯ ಕಲ್ಲಿನವರೆಗೆ ನೆಟ್ಟಗೆ ಹೋದವರು, ಅಲ್ಲಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಐದನೆಯ ಕಲ್ಲಿನ ತಲೆ ಮುಟ್ಟಿ ಮುಂದೆ ನಡೆದರು.