ಹೊಲದಂಚಿನ ಟೆಲಿಫೋನ್ ಗೂಡು

ನಾನು ಮರದ ಒಂದು ಪುಟ್ಟ ಗೂಡು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಆಮಿಶ್ ಜನರ ಹಳ್ಳಿಯೊಂದರ ಮುಸುಕಿನ ಜೋಳದ ಹೊಲದಂಚಿನಲ್ಲಿ, ಬಡಗಿ ಎನೋಸ್ ನನ್ನನ್ನು ಕಟ್ಟಿದ. ಆ ಜನ ಕರೆಂಟು, ಕಾರು ಬೇಡವೆಂದು ಕುದುರೆಗಾಡಿಯಲ್ಲೇ ಓಡಾಡುವವರು. ಆದರೂ ಹೆರಿಗೆಗೋ ಕಾಯಿಲೆಗೋ ಡಾಕ್ಟರನ್ನು ಕರೆಯಬೇಕಲ್ಲ? ಹಿರಿಯರು ಕೂತು ಚರ್ಚಿಸಿದರು.

"ಫೋನು ಇರಲಿ, ಮನೆಯೊಳಗೆ ಬೇಡ. ಒಳಗೆ ಬಂದ್ರೆ ನೆರೆಮನೆಗೆ ಹೋಗೋರು ಯಾರು?" ಎಂದರು ಬಿಷಪ್ಪರು. ಹಾಗಾಗಿ ಎಲ್ಲ ಮನೆಗಳಿಂದಲೂ ದೂರ ನಿಂತೆ.

ಬಂದವರು ಕೆಲಸದ ಮಾತಾಡಿ ಹೊರಡುತ್ತಿದ್ದರು. ನನ್ನೊಳಗೆ ನಿಂತು ಅತ್ತವಳು ವಿಧವೆ ಮಲಿಂಡಾ ಒಬ್ಬಳೇ. ಅವಳ ಮಗಳು ಸಲೋಮಿ ದೀಕ್ಷಾಸ್ನಾನವಾದ ಮೇಲೆ ಪಂಥ ತೊರೆದು, ನರ್ಸ್ ಓದಲು ಪಟ್ಟಣ ಸೇರಿದ್ದಳು. ಅಂಥವರೊಡನೆ ಮಾತಾಡಬಹುದು, ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ. ಅದು ಅಲ್ಲಿನ ಕಟ್ಟಳೆ.

ಒಮ್ಮೆ ಸಲೋಮಿ ಫೋನಿನಲ್ಲಿ, "ಒಬ್ಬಳೇ ಕೂತ್ರೆ ಅನ್ನ ಗಂಟಲಲ್ಲಿ ಇಳಿಯಲ್ಲಮ್ಮ" ಎಂದಳು. ಮುಂದಿನ ವಾರ ಮಲಿಂಡಾ ಬಟ್ಟೆಯಲ್ಲಿ ಬ್ರೆಡ್ಡು ಕಟ್ಟಿಕೊಂಡು ಬಂದಳು.

"ತಟ್ಟೆ ಮುಂದಿಟ್ಕೊಂಡ್ಯಾ?"

"ಇಟ್ಕೊಂಡೆ."

"ಸರಿ, ಪ್ರಾರ್ಥನೆ ಮಾಡು. ಉಣ್ಣೋಣ."

ಅದೇ ರೂಢಿಯಾಯಿತು. ಒಂದು ದಿನ ಬಿಷಪ್ಪರು ಬಾಗಿಲು ತೆರೆದರು. ಮಲಿಂಡಾಳ ಬಾಯಲ್ಲಿ ತುತ್ತಿತ್ತು. ಅವರು ಒಳಗೆಲ್ಲ ಕಣ್ಣಾಡಿಸಿದರು.

"ಇಲ್ಲಿ ಮೇಜು ಕಾಣಿಸ್ತಿಲ್ಲ" ಎಂದು ಬಾಗಿಲು ಹಾಕಿಕೊಂಡು ಹೋದರು.

ವರ್ಷಗಳು ಉರುಳಿದವು. ಮೊಬೈಲು ಬಂತು. ಹಿರಿಯರು ಅಳೆದು ಸುರಿದು ಅದಕ್ಕೂ ಒಪ್ಪಿದರು, ಬಡಗಿಯ ಅಂಗಡಿಯಲ್ಲಿ ಮಾತ್ರ. ನನ್ನ ತಂತಿ ಕಿತ್ತರು.

"ಅಂಗಡಿಗೆ ಬಂದು ಮಾತಾಡು" ಎಂದ ಎನೋಸ್.

"ಅಷ್ಟು ಗಂಡಸರ ಮುಂದೆ ಏನಂತ ಮಾತಾಡ್ಲಿ?" ಎಂದಳು ಮಲಿಂಡಾ. ಆ ವಾರವೂ ನನ್ನ ಬಳಿಗೇ ಬಂದು ಗೋಡೆಗೊರಗಿ ತಿಂದಳು. ಅರ್ಧ ಹಾಗೇ ಉಳಿಯಿತು.

ಫೋನು ಸಿಗದೆ ಗಾಬರಿಯಾಗಿ ಸಲೋಮಿ ಕಾರಿನಲ್ಲಿ ಬಂದಳು. ತಾಯಿ ನನ್ನ ಹೊಸ್ತಿಲಲ್ಲಿ ಕೂತಳು, ಮಗಳು ಎದುರಿನ ಹುಲ್ಲಿನ ಮೇಲೆ. ಅಷ್ಟು ವರ್ಷ ದನಿಯನ್ನಷ್ಟೇ ಕೇಳಿದ್ದವಳು ಮಗಳ ಕೆನ್ನೆ ಸವರಿದಳು.

"ಸೊರಗಿದೀಯ" ಎಂದಷ್ಟೇ ಅಂದಳು ತಾಯಿ.

ಮಲಿಂಡಾ ಆ ಚಳಿಗಾಲ ದಾಟಲಿಲ್ಲ. ಮಣ್ಣು ಮಾಡಿದ ದಿನ ಸಲೋಮಿಗೆ ಬೇರೆಯೇ ಮೇಜಿನಲ್ಲಿ ಊಟ ಬಡಿಸಿದ್ದರು. ಅವಳು ಅದನ್ನು ಮುಟ್ಟದೆ ನನ್ನೊಳಗೆ ಬಂದು, ಬಹಳ ಹೊತ್ತು ನಿಂತು, ಹೋದಳು. ಮತ್ತೆ ಬರಲಿಲ್ಲ.

ಈಗ ನಾನು ಎನೋಸನ ಹಿತ್ತಲಲ್ಲಿ ಕೋಳಿಗೂಡು. ದಿನವಿಡೀ ಕೊಕ್ಕೊಕ್ಕೋ ಸದ್ದು. ಆದರೂ ಸಂಜೆಯಾದರೆ ಬಿಕೋ ಎನ್ನುತ್ತದೆ. ಇಬ್ಬರ ಊಟಕ್ಕೆ ಸಾಕ್ಷಿಯಾದವನಿಗೆ ಬರೀ ಸದ್ದಿನಿಂದ ಹೊಟ್ಟೆ ತುಂಬುವುದಿಲ್ಲ.