ಊಟಕ್ಕೆ ಮುಂಚಿನ ಪ್ರಾರ್ಥನೆ

ಮೈಕಿನ ತಲೆಗೆ ತೊಡಿಸಿದ ಸ್ಪಂಜು ಒಂದು ಬದಿಯಲ್ಲಿ ಹರಿದಿದೆ, ಯಾರೋ ಕಚ್ಚಿದ ಹಾಗೆ, ಹಳದಿ ಚೂರೊಂದು ಹೊರಗೆ ಜೋಲುತ್ತಿದೆ, ಅದನ್ನು ಇವರ ಬಾಯಿಗೆ ಎಷ್ಟು ಹತ್ತಿರ ತಂದಿದ್ದಾರೆಂದರೆ ಇನ್ನೇನು ತಗುಲುತ್ತದೆ, ತಗುಲಿದರೂ ಇವರಿಗೆ ತಿಳಿಯುವುದಿಲ್ಲ, ಬಲಗಡೆಯ ತುಟಿ ತಮ್ಮದಲ್ಲವೆಂಬಂತೆ ಇಳಿಬಿದ್ದಿದೆ, ಅದರ ತುದಿಯಲ್ಲಿ ಎಂಜಲಿನ ಒಂದು ಎಳೆ ಹೊಳೆಯುತ್ತಿದೆ, ಯಾರಾದರೂ ಒರೆಸಬಾರದೇ, ಚಕ್ರದ ಕುರ್ಚಿಯ ಪಕ್ಕಕ್ಕೇ ಕರವಸ್ತ್ರ ಸಿಕ್ಕಿಸಿದ್ದೇನೆ, ಅತ್ತೆಗೆ ಗೊತ್ತು, ಆದರೆ ಅತ್ತೆ ಚರ್ಚಿನ ಮೊದಲ ಸಾಲಿನಲ್ಲಿ ಕಣ್ಣು ಮುಚ್ಚಿ ಕೈ ಜೋಡಿಸಿ ಕುಳಿತಿದ್ದಾರೆ, ಇವತ್ತು ಅವರ ಮಗ ದೇವರ ಆಸ್ತಿ, ಎಂಜಲು ಮಾತ್ರ ಸೊಸೆಯ ಪಾಲು. ಹಿಂದಿನ ಸಾಲಿನಲ್ಲಿ ಮಗಳು ನನ್ನ ಮೊಣಕೈ ಜಗ್ಗುತ್ತಾಳೆ, ಅಮ್ಮಾ, ಅಪ್ಪನ್ನ ಯಾಕೆ ಒಬ್ಬರನ್ನೇ ಅಲ್ಲಿ ಕೂರಿಸಿದ್ದಾರೆ, ಸುಮ್ಮನಿರು, ಪ್ರಾರ್ಥನೆ ಹೇಳ್ತಾರೆ, ಅದು ಊಟದ ಪ್ರಾರ್ಥನೆ ಅಲ್ವಾ, ಇಲ್ಲಿ ಊಟ ಎಲ್ಲಿದೆ — ಊಟದ್ದೇ, ನಿಮ್ಮ ತಾತ ಕಟ್ಟಿದ್ದು, ಬಡಗಿ ಕೆಲಸದ ಮನುಷ್ಯ, ಮೊಳೆ ಹೊಡೆದ ಹಾಗೆ ಒಂದೊಂದೇ ಮಾತು ಬಡಿದು ಕೂರಿಸಿದ್ದರು, ಕೊಟ್ಟವನೇ ಕೊಟ್ಟದ್ದಕ್ಕೆ ಸ್ತೋತ್ರ, ಬೇಯಿಸಿದ ಕೈ ಸುಡದಿರಲಿ, ಉಣ್ಣುವ ಬಾಯಿ ಮರೆಯದಿರಲಿ, ಹಸಿದವರ ಪಾಲು ನಮ್ಮ ತಟ್ಟೆಯಲ್ಲಿದ್ದರೆ ತೋರಿಸು, ಬಾರದವರಿಗೆ ಜಾಗ ಬಿಟ್ಟಿದ್ದೇವೆ, ಯೇಸುವಿನ ಹೆಸರಿನಲ್ಲಿ, ಆಮೆನ್. ನನ್ನ ತವರಿನಲ್ಲಿ ತಟ್ಟೆಯ ಮುಂದೆ ಅರೆಕ್ಷಣ ಕಣ್ಣು ಮುಚ್ಚಿದರೆ ಮುಗಿಯುತ್ತಿತ್ತು, ಈ ಮನೆಯಲ್ಲಿ ಆಮೆನ್ ಆಗದೆ ಒಂದು ಅಗುಳೂ ಮುಟ್ಟುವ ಹಾಗಿಲ್ಲ, ಬಂದ ಮೊದಲ ದಿನ ನಾನು ತುತ್ತು ಎತ್ತಿದ್ದೆ, ಎಲ್ಲರ ಕಣ್ಣೂ ನನ್ನ ಕೈ ಮೇಲೆ, ಇವರು ಮಾತ್ರ ತಾವೂ ಒಂದು ತುತ್ತು ಎತ್ತಿ ಹಿಡಿದು, ತಗೋ, ಇಬ್ಬರೂ ಕಳ್ಳರೇ, ಎಂದು ನಕ್ಕಿದ್ದರು.

ನಗು, ಮಾತು, ಮನೆ ತುಂಬಾ ಮಾತು, ಲಿಫ್ಟ್ ರಿಪೇರಿಯವರಿಗೆ ಇಷ್ಟೊಂದು ಮಾತು ಯಾಕೆ ಬೇಕು ಎಂದು ನಾನೇ ರೇಗುತ್ತಿದ್ದೆ, ನಾನು ಅಚ್ಚಿನ ಕರಡು ತಿದ್ದುವವಳು, ಮೌನ ಬೇಕು, ಒಂದು ಅಲ್ಪವಿರಾಮ ತಪ್ಪಿದರೂ ಎದೆ ಹೊಡೆದುಕೊಳ್ಳುವ ಜಾತಿ ನನ್ನದು. ಒಂದು ದಿನ ಕಟ್ಟಡದ ತುತ್ತತುದಿಯ ಲಿಫ್ಟ್ ಯಂತ್ರದ ಕೋಣೆಯಲ್ಲಿ, ಗ್ರೀಸಿನ ಡಬ್ಬಿಯ ಪಕ್ಕ, ಬಿದ್ದಿದ್ದರು, ಕಾವಲುಗಾರ ಮೇಲೆ ಹೋಗಿ ನೋಡುವಷ್ಟರಲ್ಲಿ ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತು ಎಷ್ಟು ಹೊತ್ತಾಗಿತ್ತೋ, ಜೀವ ಉಳಿಯಿತು, ಬಲಗೈ ಬಲಗಾಲು ಹೋಯಿತು, ಮಾತು ಹೋಯಿತು, ನೀರು ಎನ್ನಲು ಬಾರದು, ನನ್ನ ಹೆಸರು ಬಾರದು, ಹೌದು ಇಲ್ಲ ಎಂದು ತಲೆ ಆಡಿಸಲೂ ಬಾರದು, ಕೇಳಿದರೆ ಸುಮ್ಮನೆ ನೋಡುತ್ತಾರೆ, ಮುಚ್ಚಿದ ಅಂಗಡಿಯ ಮುಂದೆ ನಿಂತ ಹಾಗಿರುತ್ತದೆ ನನಗೆ. ಆಸ್ಪತ್ರೆಯಲ್ಲಿ ಮೊದಲ ಸಲ ಮೆತ್ತನೆಯ ಊಟ ಕೊಟ್ಟ ದಿನ, ಅತ್ತೆ ತಟ್ಟೆ ಹಿಡಿದು ಅಭ್ಯಾಸದಂತೆ ಕೊಟ್ಟವನೇ ಎಂದರು, ಅಷ್ಟೇ, ಆ ಜೋತ ಬಾಯಿಂದ ಉಳಿದದ್ದೆಲ್ಲ ಹರಿದು ಬಂತು, ಸ್ಪಷ್ಟವಾಗಿ, ಒಂದು ಮಾತೂ ಎಡವದೆ, ಆಮೆನ್‌ವರೆಗೆ, ಅತ್ತೆಯ ಕೈಯಿಂದ ಚಮಚ ಬಿತ್ತು, ಬನ್ನಿ ಬನ್ನಿ, ನನ್ನ ಮಗ ಮಾತಾಡಿದ, ದೇವರು ಮಾತಾಡಿಸಿದ, ನರ್ಸುಗಳು ಬಂದರು, ಪಕ್ಕದ ಹಾಸಿಗೆಯವರ ಬಳಗ ಬಂತು, ನಾನು ಇವರ ಕಾಲು ಹಿಡಿದು ನಿಂತಿದ್ದೆ, ನೀರು ಬೇಕಾ, ಎಂದು ಕೇಳಿದೆ, ನನ್ನನ್ನ ನೋಡಿ, ನೀರು ಬೇಕಾ, ನೋಡಿದರು, ಅಂಗಡಿ ಮುಚ್ಚಿತ್ತು.

ಅದು ಮಾತಲ್ಲ ಮೇಡಮ್, ಎಂದಳು ಅಲ್ಲಿ ಮಾತು ಕಲಿಸುವ ಹುಡುಗಿ, ಬೇಜಾರು ಮಾಡ್ಕೋಬೇಡಿ, ಬಾಯಿಪಾಠ ಅನ್ನೋದು ಮೆದುಳಲ್ಲಿ ಬೇರೆ ಕಡೆ ಇರುತ್ತೆ, ಹಾಡು, ಮಗ್ಗಿ, ಬೈಗುಳ ಎಲ್ಲ ಅಲ್ಲೇ, ಮೊದಲ ಪದ ತಳ್ಳಿದ್ರೆ ಸಾಕು, ಇಳಿಜಾರಲ್ಲಿ ಕಲ್ಲು ಉರುಳಿದ ಹಾಗೆ ಕೊನೇವರೆಗೂ ಹೋಗುತ್ತೆ, ಅದಕ್ಕೆ ಅವರು ಬೇಕಿಲ್ಲ. ಅದಕ್ಕೆ ಅವರು ಬೇಕಿಲ್ಲ — ಈ ವಾಕ್ಯವನ್ನು ನಾನು ಎಷ್ಟು ಸಲ ತಿದ್ದಲು ನೋಡಿದ್ದೇನೆ, ಎಲ್ಲಿ ಹೊಡೆದುಹಾಕಲಿ, ಏನು ಸೇರಿಸಲಿ. ಬೈಗುಳವೂ ಉಳಿದಿದೆ ಎಂಬುದು ನಿಜ, ಒಂದೇ ಒಂದು, ಹಾಳಾದ್ದು, ಬಟನ್ ಸಿಕ್ಕದಿದ್ದರೆ, ಔಷಧಿ ಕಹಿಯಾದರೆ, ತಲೆ ದಿಂಬಿನಿಂದ ಜಾರಿದರೆ, ಹಾಳಾದ್ದು, ಅಷ್ಟೇ ಸ್ಪಷ್ಟವಾಗಿ, ಅತ್ತೆ ಅದನ್ನು ಯಾರಿಗೂ ಹೇಳುವುದಿಲ್ಲ, ಅದು ಸಭೆಯ ಮುಂದೆ ಹೇಳುವ ದೇವರ ಸಾಕ್ಷಿಯಲ್ಲಿ ಸೇರಿಲ್ಲ, ಮಗಳು ಮಾತ್ರ ನಗುತ್ತಾಳೆ, ಅಜ್ಜೀ, ಅಪ್ಪ ಮತ್ತೆ ಅದ್ಭುತ ಮಾಡಿದ್ರು. ಹುಡುಗಿ ಒಳ್ಳೆಯವಳು, ಚಿತ್ರ ತೋರಿಸಿದಳು, ಕನ್ನಡಿ ಹಿಡಿದಳು, ಎಡಗೈಯಿಂದ ಬಟ್ಟಲು ತೋರಿಸಿ ಅಂದಳು, ಚಮಚ ತೋರಿಸಿ, ಹೆಂಡತಿ ಯಾರು ತೋರಿಸಿ, ಕೈ ಏಳಲಿಲ್ಲ, ಕೊನೆಗೆ ನನ್ನನ್ನು ಮೊಗಸಾಲೆಗೆ ಕರೆದು, ಈ ತಿಂಗಳು ನೋಡೋಣ ಮೇಡಮ್, ಒಂದೇ ಒಂದು ಸಾಕು, ತಾವಾಗೇ ಏನಾದರೂ ಬೇಕು ಅಂತ, ಅಥವಾ ಬೇಡ ಅಂತ, ಅದು ಸಿಗದೆ ನಾನು ಯಾರಿಗೆ ಕಲಿಸ್ತಿದ್ದೀನಿ ಅಂತ ನನಗೇ ಗೊತ್ತಾಗ್ತಿಲ್ಲ. ನನಗೂ. ಯಾರಿಗೆ ಉಣಿಸುತ್ತಿದ್ದೇನೆ, ಯಾರ ಬೆನ್ನು ಒರೆಸುತ್ತಿದ್ದೇನೆ, ಒಳಗೆ ಯಾರಿದ್ದಾರೆ. ಇವರೇ ಹೇಳುತ್ತಿದ್ದರು, ಲಿಫ್ಟ್ ನಡುವೆ ನಿಂತರೆ ಹೊಸಬರು ಓಡಿಹೋಗಿ ಬಾಗಿಲು ಮೀಟುತ್ತಾರೆ, ತಪ್ಪು, ಮೊದಲು ಬಾಗಿಲಿಗೆ ಕಿವಿ ಇಟ್ಟು ಮಾತಾಡಿಸಬೇಕು, ಒಳಗಿದ್ದೀರಾ, ಒಂದು ಸಲ ತಟ್ಟಿ, ನಾನಿಲ್ಲೇ ಇದ್ದೀನಿ, ಜನ ಕತ್ತಲಲ್ಲಿ ಉಸಿರುಗಟ್ಟಿ ಸಾಯಲ್ಲ ಕಣೇ, ಹೊರಗೆ ಯಾರೂ ಇಲ್ಲ ಅಂದ್ಕೊಂಡು ಸಾಯ್ತಾರೆ. ನಾನು ಮಾತಾಡಿಸುತ್ತಲೇ ಇದ್ದೇನೆ, ಅನ್ನ ಕಲಸುವಾಗ, ಉಗುರು ಕತ್ತರಿಸುವಾಗ, ಮಾತು ಕಡಿಮೆಯ ನಾನು ಬಾಯಿ ನೋಯುವಷ್ಟು, ಆ ಕಡೆಯಿಂದ ಏನೂ ಇಲ್ಲ.

ಇದಕ್ಕೆ ನಾನು ಯಾಕೆ ಒಪ್ಪಿದೆ, ಒಪ್ಪಿದೆ ಎಂದೂ ಅಲ್ಲ, ಪಾಸ್ಟರು ಮನೆಗೆ ಬಂದಾಗ ಬೇಡ ಎನ್ನಲಿಲ್ಲ ಅಷ್ಟೆ, ನೋಡಮ್ಮ, ಸಭೇಲಿ ಎಷ್ಟು ಮನೆಗಳಲ್ಲಿ ಕಾಯಿಲೆ, ಕೆಲಸ ಹೋಗಿದೆ, ಮಕ್ಕಳು ಹೋಗಿದ್ದಾರೆ, ಜನ ಸೋತಿದ್ದಾರೆ, ಅಣ್ಣನ ಬಾಯಿಂದ ಒಂದು ಪ್ರಾರ್ಥನೆ ಕೇಳಿದ್ರೆ ಅವರಿಗೆಷ್ಟು ಬಲ, ಕೆಟ್ಟ ಮನುಷ್ಯರಲ್ಲ ಅವರು, ಆಸ್ಪತ್ರೆಯಲ್ಲಿ ನೆಲದ ಮೇಲೆ ಮಲಗಿ ನಮ್ಮ ಜೊತೆ ರಾತ್ರಿ ಕಳೆದವರು, ಅವರ ಕಣ್ಣ ಕೆಳಗೂ ಕಪ್ಪಿದೆ, ನಾನು ಮಾತು ಕಲಿಸುವ ಹುಡುಗಿ ಅಂದದ್ದನ್ನು ಹೇಳಿದೆ, ಕಲ್ಲು, ಇಳಿಜಾರು, ಅತ್ತೆ ಅಡುಗೆಮನೆಯಿಂದಲೇ, ಓದಿದವಳಲ್ವಾ, ದೇವರಿಗೂ ಕರಡು ತಿದ್ದುತ್ತಾಳೆ ನಮ್ಮ ಸೊಸೆ, ಎಂದರು. ತಿದ್ದಲು ನನ್ನ ಬಳಿ ಏನಿದೆ. ಕರ್ತನೇ ಎನ್ನುತ್ತೇನೆ, ಮುಂದಿನ ಮಾತು ಇಲ್ಲ, ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಕರ್ತನೇ, ಬಸ್ಸಿನಲ್ಲಿ ಕರ್ತನೇ, ಅದರ ಮುಂದೆ ಹಾಳೆ ಖಾಲಿ, ಕಾಯಿಲೆ ಇವರದು, ಮಾತು ಹೋದದ್ದು ನನ್ನದೂ. ಈಗ ಪಾಸ್ಟರು ಉಪದೇಶ ಮುಗಿಸುತ್ತಿದ್ದಾರೆ, ಸತ್ತು ಸಮಾಧಿಯ ಗುಹೆ ಸೇರಿದ್ದವನನ್ನು ಯೇಸು ಹೆಸರು ಹಿಡಿದು ಕರೆದ ಕಥೆ, ಎಲ್ಲರಿಗೂ ಗೊತ್ತಿರುವುದು, ಕಲ್ಲು ಸರಿಸಿದರು, ಅವನು ಎದ್ದು ಬಂದ, ಅಲ್ಲೆಲೂಯ ಎನ್ನುತ್ತಿದೆ ಸಭೆ, ನಾನು ಕರಡು ನೋಡುವ ಕಣ್ಣಿನಿಂದಲೇ ಎಷ್ಟೋ ಸಲ ಓದಿದ್ದೇನೆ, ಎದ್ದು ಬಂದವನು ಒಂದು ಮಾತೂ ಆಡುವುದಿಲ್ಲ, ಅಕ್ಕಂದಿರು ಆಡುತ್ತಾರೆ, ಊರವರು ಆಡುತ್ತಾರೆ, ಯೇಸು ಅಳುತ್ತಾನೆ, ಅವನು ಮಾತ್ರ ಕೈಕಾಲಿಗೆ ಸುತ್ತಿದ ಬಟ್ಟೆ, ಮುಖಕ್ಕೆ ಕಟ್ಟಿದ ಬಟ್ಟೆ, ಹಾಗೇ ಬಂದು ನಿಲ್ಲುತ್ತಾನೆ, ಬಿಚ್ಚುವ ಕೆಲಸವನ್ನು ಯೇಸು ತಾನು ಮಾಡದೆ ಸುತ್ತ ನಿಂತವರಿಗೆ ಒಪ್ಪಿಸುತ್ತಾನೆ, ಆ ಕೆಲಸದ ಬಗ್ಗೆ ಯಾರೂ ಉಪದೇಶ ಮಾಡುವುದಿಲ್ಲ, ಎಷ್ಟು ಹೊತ್ತು ಹಿಡಿಯಿತೋ, ಯಾವ ಗಂಟಿನಿಂದ ಶುರುಮಾಡಿದರೋ, ವಾಸನೆ ಇತ್ತೋ. ನಾವು ಬಿಚ್ಚದೆಯೇ ಕೂರಿಸಿದ್ದೇವೆ, ಮೈಕಿನ ಮುಂದೆ.

ಶುರುಮಾಡೋಣ ಅಣ್ಣ, ಎನ್ನುತ್ತಾರೆ ಪಾಸ್ಟರು, ಬಾಗಿ, ಕೊಟ್ಟವನೇ — ಕಲ್ಲು ತಳ್ಳಿದರು, ಹೊರಟಿತು, ಕೊಟ್ಟವನೇ ಕೊಟ್ಟದ್ದಕ್ಕೆ ಸ್ತೋತ್ರ, ಇವರ ದನಿ, ಅದೇ ಸ್ವಲ್ಪ ಒಡಕು ದನಿ, ಗೋಡೆಗಳಿಂದ ವಾಪಸು ಬರುತ್ತಿದೆ, ಯಾರೋ ಹೆಂಗಸು ಅಳತೊಡಗಿದಳು, ಬೇಯಿಸಿದ ಕೈ ಸುಡದಿರಲಿ, ನನ್ನ ಕೈ ನೋಡಿಕೊಳ್ಳುತ್ತೇನೆ, ಉಣ್ಣುವ ಬಾಯಿ ಮರೆಯದಿರಲಿ, ಮರೆತಿದೆಯಲ್ಲ ಎಲ್ಲವನ್ನೂ, ಹಸಿದವರ ಪಾಲು, ಎಂಜಲಿನ ಎಳೆ ಕಡಿದು ಅಂಗಿಯ ಮೇಲೆ ಬಿತ್ತು, ಬೇಗ ಮುಗಿಯಲಿ, ತೋರಿಸು, ಬಾರದವರಿಗೆ ಜಾಗ ಬಿಟ್ಟಿದ್ದೇವೆ, ಯೇಸುವಿನ ಹೆಸರಿನಲ್ಲಿ — ನಿಂತಿತು. ಸ್ಪೀಕರಿನ ಗುಂಯ್ ಮಾತ್ರ. ಉಸಿರಿಗೆ ನಿಂತಿರಬೇಕು, ಇಲ್ಲ, ಈ ಜಾಗದಲ್ಲಿ ಎಂದೂ ನಿಂತಿಲ್ಲ, ಆಸ್ಪತ್ರೆಯಿಂದ ಇಂದಿನವರೆಗೆ ದಿನದಿನವೂ ಕೇಳಿದ್ದೇನೆ, ಎಲ್ಲೂ ನಿಂತಿಲ್ಲ, ಹಾಗಾದರೆ ಇನ್ನೊಂದು ನರ ಹೋಯಿತೇ, ಇದೂ ಹೋಯಿತೇ, ಕುರ್ಚಿಯಿಂದ ಜಾರುತ್ತಿದ್ದಾರೆಯೇ — ಜಾರುತ್ತಿಲ್ಲ. ತಲೆ ಎತ್ತಿದ್ದಾರೆ. ಕಣ್ಣು ಮೊದಲ ಸಾಲಿನ ಮೇಲೆ ಹರಿದು, ಅತ್ತೆಯನ್ನು ದಾಟಿ, ಎರಡನೆಯದು, ಅದರ ಹಿಂದಿನದು, ಒಬ್ಬೊಬ್ಬರನ್ನೇ, ನಿಧಾನ, ಕತ್ತಲೆ ಕೋಣೆಯಲ್ಲಿ ಗೋಡೆ ತಡವಿದ ಹಾಗೆ. ಹೇಳಿ ಅಣ್ಣ, ಆಮೆನ್, ಎಂದರು ಪಾಸ್ಟರು. ಆಮೆನ್ ಅನ್ನು ಮಗನೇ, ಎಲ್ಲರೂ ಕಾಯ್ತಿದ್ದಾರೆ, ಎಂದರು ಅತ್ತೆ. ಆಗ ಎಡಗೈ ಮೇಲೆ ಬಂತು, ಚಿತ್ರ ತೋರಿಸದ ಕೈ, ಬಟ್ಟಲು ತೋರಿಸದ ಕೈ, ಬಂದು ಎರಡು ಬೆರಳು ಜೋತ ತುಟಿಯನ್ನು ಕೆಳಗಿನಿಂದ ಎತ್ತಿ, ಮೇಲಿನದಕ್ಕೆ ಸೇರಿಸಿ, ಒತ್ತಿ ಹಿಡಿದವು.

ಒಲೆಯ ಮೇಲೆ ಹಾಲಿದೆ, ನೀವು ಊಟ ಶುರುಮಾಡಿ, ಕಾಯಿಲೆಗೆ ಮುಂಚೆ ನಾನು ಅಡುಗೆಮನೆಯಿಂದಲೇ ಕೂಗುತ್ತಿದ್ದೆ, ಪ್ರತಿದಿನವೂ ಏನೋ ಒಂದು ಇರುತ್ತಿತ್ತು ನನಗೆ, ಹಾಲು, ಒಗೆದ ಬಟ್ಟೆ, ಕರಡಿನ ಕೊನೆಯ ಪುಟ, ಈ ಕಡೆ ಇವರು ಪ್ರಾರ್ಥನೆಯನ್ನು ಹೆಸರಿನಲ್ಲಿ ಎಂಬಲ್ಲಿಗೆ ತಂದು ನಿಲ್ಲಿಸಿ, ಎರಡು ಬೆರಳಿನಿಂದ ತುಟಿ ಹಿಡಿದುಕೊಂಡು ಕೂತುಬಿಡುತ್ತಿದ್ದರು, ಮಗಳು ಕೂಗುತ್ತಿದ್ದಳು, ಅಮ್ಮಾ ಬೇಗ ಬಾ, ಅಪ್ಪ ಆಮೆನ್ ಬಿಡ್ತಿಲ್ಲ, ಸಾರು ತಣ್ಣಗಾಗ್ತಿದೆ, ಅತ್ತೆ ಬೈಯುತ್ತಿದ್ದರು, ದೇವರ ಹತ್ರ ಆಟಾನಾ ನಿಂದು, ನಾನೂ ಬೈದುಕೊಂಡೇ ಕೈ ಒರೆಸುತ್ತಾ ಬಂದು ಪಕ್ಕದಲ್ಲಿ ಕೂರುವವರೆಗೆ ಆ ಬೆರಳು ಸಡಿಲುತ್ತಿರಲಿಲ್ಲ, ಇಷ್ಟು ದಿನ ಉಣಿಸುವಾಗಲೆಲ್ಲ ನಾನು ಪಕ್ಕದಲ್ಲೇ ಇದ್ದೆನಲ್ಲ, ಕಾಯುವ ಸಂದರ್ಭವೇ ಬರಲಿಲ್ಲ, ಇವತ್ತು ಮೊದಲ ಸಲ ಇವರನ್ನು ಬಿಟ್ಟು ದೂರ ಕೂತಿದ್ದೇನೆ. ಇದೂ ಬರೀ ಅಭ್ಯಾಸವೇ ಏನಮ್ಮ, ಮಾತು ಕಲಿಸುವವಳೇ, ಇದೂ ಇಳಿಜಾರಿನ ಕಲ್ಲೇ, ಇರಬಹುದು, ನನಗೆ ಗೊತ್ತಿಲ್ಲ, ಆದರೆ ಉರುಳುವ ಕಲ್ಲು ಯಾರಿಗಾಗಿಯಾದರೂ ನಿಲ್ಲುತ್ತದೆಯೇ, ನಿಂತು ಹುಡುಕುತ್ತದೆಯೇ. ಪಾಸ್ಟರು ಬೆವರು ಒರೆಸಿಕೊಂಡು, ದೇವರಿಗೆ ಸ್ತೋತ್ರ, ಎಲ್ಲರೂ ಹೇಳೋಣ, ಎಂದರು, ಆಮೆನ್ ಎಂದಿತು ಇಡೀ ಸಭೆ, ಬೆಂಚುಗಳು ಕಿರುಗುಟ್ಟಿದವು, ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು, ಪಾಪ, ಸೋತೆವೆಂದುಕೊಂಡರು, ಯಾರೋ ಹಾಡಿನ ಪುಟ ಹುಡುಕುತ್ತಿದ್ದಾರೆ, ಎಲ್ಲರಿಗೂ ಮುಗಿಯಿತು. ಬೆರಳು ಸಡಿಲಲಿಲ್ಲ. ನಾನು ಎದ್ದಿದ್ದೇನೆ, ಮೊಣಕಾಲುಗಳನ್ನು ತಳ್ಳಿಕೊಂಡು, ಯಾರದೋ ಚೀಲ ತುಳಿದು, ಎಲ್ಲಿಗಮ್ಮ ಎನ್ನುತ್ತಾಳೆ ಮಗಳು, ಬಲಗಾಲು ಏಳುವುದಿಲ್ಲ, ಬಲಗೈ ಏಳುವುದಿಲ್ಲ, ನಾಳೆಯೂ ಎಂಜಲು, ನಾಳೆಯೂ ಹಾಳಾದ್ದು, ನಾಡಿದ್ದೂ, ಅದೆಲ್ಲ ಹಾಗೇ ಇರುತ್ತದೆ, ಕರ್ತನೇ, ಇವರು ಇದ್ದಾರೆ, ಕರ್ತನೇ, ಇವರು ನನ್ನನ್ನು ಕಾಯುತ್ತಿದ್ದಾರೆ, ಕಣ್ಣು ಸಾಲಿನಿಂದ ಸಾಲಿಗೆ ಬಂದು ನನ್ನ ಮೇಲೆ ನಿಂತಿದೆ, ಬಂದೆ, ಇದೋ ಬಂದೆ, ದಾರಿ ಬಿಡಿ, ಇವರ ಆಮೆನ್ ಇನ್ನೂ ಒಳಗಿದೆ, ಎರಡು ಬೆರಳು, ಅವುಗಳ ನಡುವೆ ಒತ್ತಿ ಹಿಡಿದ ತುಟಿ, ಎರಡು ಬೆರಳು, ಮುಚ್ಚಿದ ತುಟಿ —