ಸೂರ್ಯಕಾಂತಮ್ಮನ ಹಾಜರಿ

"ಒತ್ತೇ ಮುಂಡೆ, ಸರಿಯಾಗಿ ಒತ್ತು. ಗಂಡನ ಕೆನ್ನೆ ಸವರೋ ಹಂಗೆ ಸವರ್ತಾವಳೆ," ಎಂದ ಸಿಗಡಿ ಕಾರ್ಖಾನೆಯ ಗೇಟಿನ ಕಾವಲುಗಾರ.

ಸೂರ್ಯಕಾಂತಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಗಾಜಿನ ಮೇಲಿಟ್ಟಳು. ಗೋಡೆಯ ಮೇಲಿನ ಹಾಜರಿ ಯಂತ್ರ ಕೆಂಪು ದೀಪ ಹೊತ್ತಿಸಿ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿತು. ಆ ಗೇಟಿನಲ್ಲಿ ಹೆಂಗಸರೊಡನೆ ಮರ್ಯಾದೆಯಿಂದ ಮಾತಾಡುತ್ತಿದ್ದದ್ದು ಅದೊಂದೇ. ಅವಳ ಹಿಂದೆ ಉದ್ದ ಸಾಲು, ಎಲ್ಲರೂ ಬಿಳಿ ಕೋಟು, ತಲೆಗೆ ಬಲೆಯ ಟೋಪಿ, ಮೊಣಕಾಲುದ್ದ ರಬ್ಬರ್ ಬೂಟು. ಬೆರಳು ಹಿಡಿಯದಿದ್ದರೆ ಗೇಟು ತೆರೆಯುವುದಿಲ್ಲ, ಗೇಟು ತೆರೆಯದಿದ್ದರೆ ಅಂದಿನ ಕೂಲಿಯಿಲ್ಲ. ಅರ್ಧ ಸಾಲು ಆಗಲೇ ಪಕ್ಕಕ್ಕೆ ಸರಿದು ಬಿಸಿಲಿಗೆ ನಿಂತಿತ್ತು.

ಇದನ್ನು ಸರಿಮಾಡಲು ಬಂದವನು ನಂದೀಶ್. ವಿಜಯವಾಡದಿಂದ ವಿಶಾಖಪಟ್ಟಣದವರೆಗೆ ರೈಲಿನಲ್ಲಿ ಸೀಟು ಸಿಗದೆ ಬಾಗಿಲ ಹತ್ತಿರ ತನ್ನ ಬ್ಯಾಗಿನ ಮೇಲೇ ಕುಳಿತು ಬಂದಿದ್ದ. ಕುತ್ತಿಗೆಯ ಗುರುತುಚೀಟಿಯ ಮೇಲೆ ಸರ್ವಿಸ್ ಇಂಜಿನಿಯರ್ ಎಂದಿತ್ತು. ಹೋದ ಕಡೆಯಲ್ಲೆಲ್ಲ ಅವನನ್ನು ಕರೆಯುತ್ತಿದ್ದದ್ದು ಮಾತ್ರ "ಏ ಮಿಷನ್ನು" ಎಂದು. ವಿಜಯವಾಡದ ಪಟಮಟದಲ್ಲಿ ಅವನದೊಂದು ಬಾಡಿಗೆ ರೂಮಿತ್ತು, ಅದರಲ್ಲಿ ಒಂದು ಹಾಸಿಗೆ ಇತ್ತು. ಅದರ ಮೇಲೆ ಅವನು ಮಲಗಿದ್ದಕ್ಕಿಂತ ಅವನ ಒಗೆಯದ ಬಟ್ಟೆಗಳು ಮಲಗಿದ್ದೇ ಹೆಚ್ಚು. ಇವತ್ತು ವೈಜಾಗ್, ನಾಳೆ ಇಬ್ರಾಹಿಂಪಟ್ನಂ, ಆಮೇಲೆ ಇನ್ನೆಲ್ಲೋ. ಎಲ್ಲಿಗೆ ಹೋದರೂ ಹಿಂದಿನ ಗೇಟಿನಿಂದ ಬಾ ಎನ್ನುತ್ತಿದ್ದರು, ಕಕ್ಕಸಿಗೆ ಕೂಲಿಯವರದ್ದಕ್ಕೆ ಹೋಗು ಎನ್ನುತ್ತಿದ್ದರು.

ಅವನು ಗಾಜು ಒರೆಸಿ ಸೂರ್ಯಕಾಂತಮ್ಮನ ಬೆರಳನ್ನು ಕೈಯಲ್ಲಿ ಹಿಡಿದು ನೋಡಿದ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ದಿನವಿಡೀ ಐಸಿನಲ್ಲಿ ಕೈಯಿಟ್ಟು ಸಿಗಡಿ ಸುಲಿದು, ಔಷಧಿಯ ನೀರಿನಲ್ಲಿ ಅದ್ದಿ ಅದ್ದಿ, ಬೆರಳ ತುದಿಯ ಗೆರೆಗಳೆಲ್ಲ ತಿಂದುಹೋಗಿದ್ದವು. ಬಿಳುಚಿದ ಚರ್ಮ, ಸಿಗಡಿಯ ಮುಳ್ಳು ಚುಚ್ಚಿದ ಕಡೆ ಕೀವು. ಹಿಂದಿನವಳದೂ ಹಾಗೇ. ಅವಳ ಹಿಂದಿನವಳದೂ ಹಾಗೇ.

ನಂದೀಶನಿಗೆ ಇದು ಹೊಸದಲ್ಲ. ಶಿಡ್ಲಘಟ್ಟದಲ್ಲಿ ಅವನ ತಾಯಿ ಉಮಾದೇವಿ ರೇಷ್ಮೆಗೂಡು ಬಿಚ್ಚುವವಳು. ಕುದಿವ ನೀರಿನ ಬಾನಿಯಿಂದ ಎಳೆ ಹುಡುಕಿ ಹುಡುಕಿ ಅವಳ ಬೆರಳುಗಳೂ ಬೆಂದೇ ಹೋಗಿದ್ದವು. ರೇಷನ್ ಅಂಗಡಿಯವನು ಎಲ್ಲರೆದುರಿಗೆ ನಿನ್ನ ಹೆಬ್ಬೆಟ್ಟು ಕಳ್ಳ ಹೆಬ್ಬೆಟ್ಟು ಎಂದು ಅವಳನ್ನು ವಾಪಸು ಕಳಿಸುತ್ತಿದ್ದ.

ಮಾಡಬೇಕಾದದ್ದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆರಳು ಸವೆದವರಿಗೆಲ್ಲ ಬೆರಳಿನ ಬದಲು ಯಂತ್ರಕ್ಕೆ ತೋರಿಸುವ ಕಾರ್ಡು ಮಾಡಿಸಿಕೊಡಬೇಕು. ಅದಕ್ಕೆ ಎರಡು ದಿನ ಅಲ್ಲೇ ಕೂರಬೇಕು. ವಿಜಯವಾಡದಲ್ಲಿದ್ದ ಅವನ ಮೇಲಧಿಕಾರಿ ಫಣೀಂದ್ರನಿಗೆ ಫೋನ್ ಮಾಡಿದರೆ, ಎರಡು ದಿನವಂತೆ ಎರಡು ದಿನ, ನಿನ್ನತ್ತೆ ಮನೆಗೆ ಹೋಗಿದ್ದೀಯೇನಯ್ಯಾ ಎಂದು ಬೈದು, ಮಧ್ಯಾಹ್ನದ ರೈಲಿಗೆ ವಾಪಸು ಹೊರಡು ಎಂದ. ಕಾರ್ಖಾನೆಯ ಎಚ್‌ಆರ್ ಮ್ಯಾನೇಜರ್ ಶ್ರೀಕಂಠ ಮೈಸೂರಿನವನು. ಅವನದು ಬೇರೆ ಅವಸರ. ಶುಕ್ರವಾರ ಹಡಗಿಗೆ ಮಾಲು ಹೋಗಬೇಕು, ಏನಾದರೂ ಮಾಡಿ ಇವರನ್ನು ಒಳಗೆ ತುಂಬು ಎಂದ. ಗೆರೆ ಪೂರ್ತಿ ಹೊಂದದಿದ್ದರೂ ಒಪ್ಪುವ ಹಾಗೆ ಯಂತ್ರವನ್ನು ಸಡಿಲ ಮಾಡಿದರೆ ಹಿಡಿಯುತ್ತದೆ ಸಾರ್, ಆದರೆ ಒಬ್ಬರ ಬದಲು ಇನ್ನೊಬ್ಬರನ್ನು ತೋರಿಸಿಬಿಡಬಹುದು ಎಂದು ನಂದೀಶ್ ಬಾಯಿಬಿಟ್ಟು ಹೇಳಿದ. ಮಾಡಯ್ಯಾ ಮೊದಲು ಎಂದ ಶ್ರೀಕಂಠ.

ನಂದೀಶ್ ಸಡಿಲ ಮಾಡಿದ. ಮುಂದಿನ ವಾರ ಬಂದು ಕಾರ್ಡು ಮಾಡಿಕೊಟ್ಟರಾಯಿತು ಎಂದುಕೊಂಡ. ಹಸಿರು ದೀಪ ಒಂದಾದಮೇಲೊಂದು ಹತ್ತಿತು, ಸಾಲು ಕರಗಿತು. ಪರದೆಯ ಮೇಲೆ ಯಾರ ಹೆಸರು ಮೂಡುತ್ತಿದೆ ಎಂದು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ, ಓದು ಬರುತ್ತಿದ್ದವರೂ ಕಡಿಮೆ. ಸೂರ್ಯಕಾಂತಮ್ಮ ಹೋಗುವಾಗ ಅವನ ತಲೆ ಸವರಿ, ನೂರು ಕಾಲ ಬಾಳು ಬಾಬೂ ಎಂದಳು. ಅವಳ ಕೈಯ ವಾಸನೆ ಕೂದಲಿಗೆ ಹತ್ತಿತು. ಅವನಿಗೆ ಖುಷಿಯಾಗಿತ್ತು, ಸುಳ್ಳೇಕೆ.

ಹೊರಡುವ ಮುಂಚೆ ಶ್ರೀಕಂಠ ಅವನನ್ನು ಒಳಗೆ ಕರೆದು ಕೂರಿಸಿ ಕನ್ನಡ ಮಾತಾಡಿದ. ಕನ್ನಡ ಕೇಳಿ ಎಷ್ಟು ದಿನವಾಗಿತ್ತಪ್ಪಾ ಎಂದ. ಊರು ಕೇಳಿದ. ಆಮೇಲೆ, ಶಿಡ್ಲಘಟ್ಟದಲ್ಲಿ ಯಾರ ಪೈಕಿ ಎಂದು ಕೇಳಿದ. ಕಾಲೋನಿಯವರು ಸಾರ್ ಎಂದ ನಂದೀಶ್. ಶ್ರೀಕಂಠ ನಗುತ್ತಲೇ ಇದ್ದ. ಕಾಫಿ ಮಾತ್ರ ಅವನಿಗೆ ಲೋಟದಲ್ಲಿ, ಇವನಿಗೆ ಪೇಪರ್ ಕಪ್ಪಿನಲ್ಲಿ ಬಂತು.

ಮುಂದಿನ ವಾರ ನಂದೀಶ್ ವೈಜಾಗಿಗೆ ಹೋಗಲಾಗಲಿಲ್ಲ. ಅದರ ಮುಂದಿನ ವಾರವೂ ಆಗಲಿಲ್ಲ. ಇಬ್ರಾಹಿಂಪಟ್ನಂನ ಕರೆಂಟು ಕಾರ್ಖಾನೆಯಲ್ಲಿ ಕಲ್ಲಿದ್ದಲ ಬೂದಿ ಹೊರುವವರ ಗೇಟಿನ ಯಂತ್ರ ಕೆಟ್ಟಿತು, ಅಲ್ಲಿಂದ ಬಂದರೆ ಇನ್ನೊಂದು. ಅಮ್ಮನ ಫೋನಿಗೇ ಉತ್ತರ ಕೊಡಲಾಗದವನು ಸಿಗಡಿಯವರ ಕಾರ್ಡು ಎಲ್ಲಿ ನೆನಪಿಟ್ಟಾನು. ನಿಜ ಹೇಳಬೇಕೆಂದರೆ ನೆನಪಿತ್ತು. ನೆನಪಾದಾಗಲೆಲ್ಲ ನಾಳೆ ಎಂದುಕೊಂಡ, ಅಷ್ಟೇ.

ತಿಂಗಳು ಮುಗಿಯುವ ಹೊತ್ತಿಗೆ ಫಣೀಂದ್ರ ಅವನನ್ನು ಆಫೀಸಿಗೆ ಕರೆಸಿದ. ಇಂದ್ರಕೀಲಾದ್ರಿ ಬೆಟ್ಟ ಹತ್ತಿ ಅಮ್ಮನವರ ದರ್ಶನ ಮುಗಿಸಿ ಆಗಷ್ಟೇ ಬಂದಿದ್ದನಾದ್ದರಿಂದ ಹಣೆಯ ಕುಂಕುಮ ಹಸಿಯಾಗಿತ್ತು, ಬಾಯಲ್ಲಿ ಬೈಗುಳವೂ ಇರಲಿಲ್ಲ. ಸಿಗಡಿ ಕಾರ್ಖಾನೆಯಲ್ಲಿ ಒಬ್ಬಳು ಕಳ್ಳ ಹಾಜರಿ ಹಾಕಿದ್ದಾಳಂತೆ ಎಂದ. ಅಖಿಲಾ ಎಂಬ ಹುಡುಗಿ ಬಾಣಂತನಕ್ಕೆ ಮನೆಯಲ್ಲಿದ್ದಳಂತೆ, ಆದರೂ ದಿನಾ ಅವಳ ಹಾಜರಿ ಬಿದ್ದಿದೆ, ಹಾಕಿದವಳು ಸೂರ್ಯಕಾಂತಮ್ಮ ಎಂದು ಕ್ಯಾಮೆರಾದಲ್ಲಿ ಕಂಡಿದೆ. ಇಬ್ಬರನ್ನೂ ಕೆಲಸದಿಂದ ತೆಗೆಯುತ್ತಾರೆ. ಯಂತ್ರ ತಪ್ಪು ಮಾಡುವುದಿಲ್ಲ ಎಂದು ನಮ್ಮ ಕಡೆಯವರೊಬ್ಬರು ಹೋಗಿ ಹೇಳಬೇಕಂತೆ.

ಆದದ್ದೇನೆಂದು ನಂದೀಶನಿಗೆ ಹೊಳೆಯಿತು. ಸೂರ್ಯಕಾಂತಮ್ಮ ದಿನಾ ತನ್ನ ಬೆರಳನ್ನೇ ಇಟ್ಟಿದ್ದಾಳೆ, ಸಡಿಲವಾಗಿದ್ದ ಯಂತ್ರ ದಿನಾ ಅವಳನ್ನು ಅಖಿಲಾ ಎಂದುಕೊಂಡಿದೆ. ಅವಳ ಲೆಕ್ಕಕ್ಕೆ ಗೈರುಹಾಜರಿ, ಮೇಲೆ ಕಳ್ಳತನದ ಹೆಸರು. ಆ ರಸ್ತೆಯುದ್ದಕ್ಕೂ ಸಿಗಡಿ ಕಾರ್ಖಾನೆಗಳೇ, ಒಂದರಲ್ಲಿ ಕಳ್ಳಿ ಎನಿಸಿಕೊಂಡವಳನ್ನು ಇನ್ನೊಂದು ಕಾರ್ಖಾನೆ ಗೇಟಿನ ಹತ್ತಿರಕ್ಕೂ ಸೇರಿಸುವುದಿಲ್ಲ. ಇಷ್ಟೂ ತಾನು ಮಾಡಿದ್ದು. ಅವನು ಸಡಿಲ ಮಾಡಿದ್ದನ್ನು ಫಣೀಂದ್ರನಿಗೆ ಹೇಳಿದ.

ಫಣೀಂದ್ರ ಎದ್ದು ಬಾಗಿಲು ಹಾಕಿ ಬಂದ. ಇದನ್ನು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ ಎಂದ. ಹೊರಗೆ ಬಿದ್ದರೆ ಅವರ ಅಷ್ಟೂ ಕಾರ್ಖಾನೆಗಳ ಯಂತ್ರದ ಕೆಲಸ ನಮ್ಮ ಕೈಬಿಟ್ಟು ಹೋಗುತ್ತದೆ, ನಿನ್ನ ಕೆಲಸವೂ ಹೋಗುತ್ತದೆ, ಬೇರೆ ಯಾರೂ ನಿನ್ನನ್ನು ತಗೊಳ್ಳದ ಹಾಗೆ ನಾನೇ ನೋಡಿಕೊಳ್ಳುತ್ತೇನೆ ಎಂದ.

ವೈಜಾಗಿನ ರೈಲಿನಲ್ಲಿ ಈ ಸಲ ಸೀಟು ಸಿಕ್ಕಿತು. ಕುಳಿತರೂ ಕುಳಿತಂತಾಗಲಿಲ್ಲ. ತಲೆ ಸವರಿದ ಆ ಕೈಯೇ ದಾರಿಯುದ್ದಕ್ಕೂ ತಲೆಯ ಮೇಲಿತ್ತು.

ಸೂರ್ಯಕಾಂತಮ್ಮ ಶ್ರೀಕಂಠನ ಕ್ಯಾಬಿನ್ನಿನ ಹೊಸಿಲಾಚೆ ನಿಂತಿದ್ದಳು. ವಾಸನೆ ಬರುತ್ತದೆಂದು ಒಳಗೆ ಬಿಟ್ಟಿರಲಿಲ್ಲ. ಬೂಟು ಬಿಚ್ಚಿಸಿದ್ದರು. ನಂದೀಶನನ್ನು ಕಂಡು ಅವಳ ಮುಖ ಅರಳಿತು. ಅದನ್ನು ನೋಡಲಾಗದೆ ಅವನು ಮೇಜಿನ ಮೇಲಿದ್ದ ಗಣಪತಿಯ ಬೊಂಬೆ ನೋಡಿದ.

ಶ್ರೀಕಂಠ ಅವಳ ಮುಂದೆಯೇ ಕನ್ನಡದಲ್ಲಿ ಶುರುಮಾಡಿದ. "ನೋಡಪ್ಪಾ ನಂದೀಶ, ನಮ್ಮೋನು ಅಂತ ಹೇಳ್ತಿದೀನಿ. ಇವಳು ಸರಿಯಿಲ್ಲ. ಎಲ್ಲರಿಗೂ ದಿನಾ ಕೈಗೆ ಗ್ಲೌಸ್ ಕೊಡಿ ಅಂತ ಗುಂಪು ಕಟ್ಕೊಂಡು ಬಂದಿದ್ಲು. ಫಾರಿನ್‌ನೋರು ನೋಡೋಕೆ ಬಂದಾಗ ಕೊಡ್ತೀವಲ್ಲ, ಸಾಲ್ದಾ ಇವಳಿಗೆ? ಮಿಷನ್ ತಪ್ಪು ಮಾಡಲ್ಲ ಅಂತ ಒಂದು ಮಾತು ಹೇಳು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಅವತ್ತು ಸಡಿಲ ಮಾಡಿದ್ದನ್ನು ನಂದೀಶ್ ಮೆಲ್ಲಗೆ ನೆನಪಿಸಿದ. ಯಾವತ್ತು ಎಂದು ಕೇಳಿದ ಶ್ರೀಕಂಠ. ಕೇಳಿ, ಫೋನ್ ಎತ್ತಿ, ಫಣೀಂದ್ರನ ಹತ್ತಿರ ಮಾತಾಡ್ತೀಯಾ ಎಂದು ಅವನ ಕಡೆ ಚಾಚಿದ. ನಂದೀಶ್ ಫೋನ್ ತಗೊಳ್ಳಲಿಲ್ಲ.

ಸೂರ್ಯಕಾಂತಮ್ಮನಿಗೆ ಅವರ ಮಾತು ತಿಳಿಯಲಿಲ್ಲ. ಅವಳು ತೆಲುಗಿನಲ್ಲಿ ಕೇಳಿದಳು. "ಬಾಬೂ, ನೀನೇ ತಾನೇ ಅದನ್ನ ಸರಿಮಾಡಿದ್ದು. ಈ ಧಣಿಗೆ ನೀನೇ ಹೇಳು. ನಾನು ನನ್ನ ಬೆರಳೇ ಇಟ್ಟಿದ್ದು. ಇನ್ನೊಬ್ಬರ ಬೆರಳು ನಾನೆಲ್ಲಿಂದ ತರ್ಲಿ? ನಿನ್ನ ಮಿಷನ್ನು ಸುಳ್ಳು ಹೇಳ್ತದಾ?"

"ಮಿಷನ್ ತಪ್ಪು ಮಾಡಲ್ಲಮ್ಮಾ," ಎಂದ ನಂದೀಶ್.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. ತನ್ನ ಬಲಗೈ ಎತ್ತಿ ಆ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವನ ಮಾತನ್ನು ಅವಳು ನಂಬಿಬಿಟ್ಟಿದ್ದಳು.

"ಹಂಗಾದ್ರೆ ಕಳ್ಳತನ ಮಾಡಿದ್ದು ಇದೇನಾ ಬಾಬೂ? ನನಗೇ ಗೊತ್ತಿಲ್ಲದಂಗೆ? ಅಯ್ಯೋ, ಆ ಹಸಿ ಬಾಣಂತಿ ಅನ್ನಕ್ಕೂ ಮಣ್ಣು ಹಾಕಿಬಿಟ್ನಲ್ಲಾ."

ನೋಡಿದೆಯಾ, ಒಪ್ಪಿಕೊಂಡಳು ಎಂದ ಶ್ರೀಕಂಠ. ಕಾವಲುಗಾರ ಅವಳ ತೋಳು ಹಿಡಿದು ಮೆಟ್ಟಿಲಿಳಿಸಿದ. ಶ್ರೀಕಂಠ ನಂದೀಶನಿಗೆ ಕಾಫಿ ಹೇಳಿದ. ಈ ಸಲ ಲೋಟದಲ್ಲೇ ಬಂತು. ನಂದೀಶ್ ಅದನ್ನು ಕೈಗೆ ತಗೊಂಡ. ತುಟಿಯ ಹತ್ತಿರಕ್ಕೂ ಒಯ್ದ. ಶಿಡ್ಲಘಟ್ಟದ ರೇಷನ್ ಅಂಗಡಿಯವನು ಎಲ್ಲಿಂದ ಬರುತ್ತಾನೆಂದು ಅವನಿಗೆ ಆಗ ತಿಳಿಯಿತು. ಕುರ್ಚಿ ಕೊಟ್ಟು ಕೂರಿಸಿದರೆ ಯಾರಾದರೂ ಅವನಾಗುತ್ತಾರೆ. ಲೋಟ ಮೇಜಿನ ಮೇಲಿಟ್ಟು ಎದ್ದು ಬಂದ.

ಗೇಟಿನಲ್ಲಿ ಮಧ್ಯಾಹ್ನದ ಪಾಳಿಯ ಹೆಂಗಸರು ಸಾಲು ನಿಂತಿದ್ದರು. ಸೂರ್ಯಕಾಂತಮ್ಮ ಕಾಂಪೌಂಡಿನ ಬುಡದಲ್ಲಿ ಕೂತು ಬರಿಗಾಲಿಗೆ ಚಪ್ಪಲಿ ಸಿಕ್ಕಿಸಿಕೊಳ್ಳುತ್ತಿದ್ದಳು. ಯಾರೂ ಅವಳ ಹತ್ತಿರ ನಿಂತಿರಲಿಲ್ಲ. ನಂದೀಶ್ ಸಾಲನ್ನು ಸೀಳಿಕೊಂಡು ಹೋಗಿ, ಯಂತ್ರದ ಪರದೆಯ ಮೇಲೆ ಬರುವ ಹೆಸರು ಓದಬಲ್ಲವರು ಯಾರಾದರೂ ಇದ್ದೀರಾ ಎಂದು ತೆಲುಗಿನಲ್ಲಿ ಕೇಳಿದ. ಮುಂದಿದ್ದವಳೊಬ್ಬಳು ತಾನು ಓದುತ್ತೇನೆ ಎಂದಳು. ಆ ಯಂತ್ರದಲ್ಲಿ ದಾಖಲಾಗಿರದ ತನ್ನ ಬೆರಳನ್ನು ಅವನು ಗಾಜಿನ ಮೇಲಿಟ್ಟ. ಕೆಂಪು ದೀಪ ಹತ್ತಿತು. ಬೇರೆ ಬೆರಳಿಟ್ಟ. ಮತ್ತೆ ಕೆಂಪು. ಕಾವಲುಗಾರ, ಏ ಮಿಷನ್ನು, ಏನು ಆಟ ಇದು ಎಂದು ಹತ್ತಿರ ಬಂದ. ನಂದೀಶ್ ಹೆಬ್ಬೆಟ್ಟನ್ನು ಒರಗಿಸಿ ಇಟ್ಟ. ಹಸಿರು ಹತ್ತಿತು.

"ಪದ್ಮಾ," ಎಂದು ಓದಿದಳು ಅವಳು. ಆಮೇಲೆ ಅವನ ಮುಖ ನೋಡಿದಳು. "ಪದ್ಮಾ ನಾನು."

ಸಾಲಿನಲ್ಲಿ ಯಾರೋ ನಕ್ಕರು. ನಗು ಹಿಂದಕ್ಕೆ ಹರಿಯುವ ಮೊದಲೇ ನಿಂತಿತು. ನಂದೀಶ್ ಎಲ್ಲವನ್ನೂ ಹೇಳಿದ. ಬೆರಳು ಹಿಡಿಯಲಿ ಎಂದು ಸಡಿಲ ಮಾಡಿದವನು ನಾನು, ಅದು ಯಾರನ್ನು ಬೇಕಾದರೂ ಯಾರೆಂದು ಬೇಕಾದರೂ ಹೇಳುತ್ತದೆ, ಅದು ಗೊತ್ತಿದ್ದೂ ಈಗ ಮೇಲೆ ಸುಳ್ಳು ಹೇಳಿ ಬಂದೆ ಎಂದ. ತಮಗೂ ಅಲ್ಲೊಂದು ಇಲ್ಲೊಂದು ಗೈರುಹಾಜರಿ ಬಿದ್ದಿದ್ದನ್ನು ಗುಮಾಸ್ತನ ಕೈಚಳಕ ಎಂದುಕೊಂಡಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪದ್ಮಾ ಸಾಲಿನಿಂದ ಹೊರಗೆ ಬಂದು ಗೇಟಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತಳು. ಅವಳ ಪಕ್ಕ ಇನ್ನೊಬ್ಬಳು ಕೂತಳು. ಕಾವಲುಗಾರ ಅವರವರ ಅಮ್ಮಂದಿರನ್ನೆಲ್ಲ ಎತ್ತಿ ಬೈದ. ಸಾಲು ಕೂರುತ್ತಾ ಬಂತು.

ಸೂರ್ಯಕಾಂತಮ್ಮ ಎದ್ದು ಬಂದಳು. ಬಂದವಳೇ ಅವನ ಕೆನ್ನೆಗೆ ಬಾರಿಸಿದಳು. ಅವನ ಕಣ್ಣಲ್ಲಿ ನೀರು ಬಂತು, ಕದಲಲಿಲ್ಲ. ತಪ್ಪಾಯಿತಮ್ಮಾ ಎನ್ನಲು ಹೊರಟವನ ಕಾಲರಿಗೆ ಅವಳು ಕೈಹಾಕಿದಳು.

"ನನ್ನ ಹತ್ರ ಅಳಬ್ಯಾಡ. ನಡಿ ಮ್ಯಾಲಕ್ಕೆ. ಅವನೂ ನೀನೂ ಕೂತ್ಕೊಂಡು ಗುಸುಗುಸು ಅಂದ್ರಲ್ಲ, ಆ ಮಾತಲ್ಲೇ ಹೇಳು ಅವನಿಗೆ."

ಮೆಟ್ಟಿಲ ಮೇಲೆ ಅವನನ್ನು ಎಳೆದುಕೊಂಡೇ ಹೋದಳು. ಹೊಸಿಲಲ್ಲಿ ನಿಲ್ಲಲಿಲ್ಲ, ಚಪ್ಪಲಿ ಬಿಡಲಿಲ್ಲ. ತಣ್ಣಗಿದ್ದ ಕ್ಯಾಬಿನ್ನಿನೊಳಗೆ ಸಿಗಡಿಯ ವಾಸನೆ ಅವಳೊಂದಿಗೆ ನುಗ್ಗಿತು. ಕಿಟಕಿಯಲ್ಲಿ ಕೆಳಗಿನ ಗೇಟನ್ನು ನೋಡುತ್ತಿದ್ದ ಶ್ರೀಕಂಠ ತಿರುಗಿದ.

ನಂದೀಶ್ ಅವನ ಹತ್ತಿರ ಅಲ್ಲಿಯವರೆಗೆ ಆಡಿದ್ದು ಡಿಪ್ಲೊಮಾ ಓದುವಾಗ ಕಲಿತ ನಯವಾದ ಕನ್ನಡ. ಈಗ ಬಾಯಿಗೆ ಬಂದದ್ದು ಕಾಲೋನಿಯದು.

"ಮಿಷನ್ ಏನೂ ಮಾಡ್ಲಿಲ್ಲ. ಸಡ್ಲ ಮಾಡ್ದೋನು ನಾನು. ಮಾಡು ಅಂತ ಮಾಡ್ಸ್ದೋನು ನೀನು. ಈಯಮ್ಮ ಕಳ್ಳಿ ಅಲ್ಲ."

"ಯಾರಿಗೋ ನೀನು ಅಂತೀಯಾ, ಸೂಳೇಮಗನೆ?" ಶ್ರೀಕಂಠನ ಕೈ ಫೋನಿಗೆ ಹೋಯಿತು. "ಕಾಲೋನಿ ಬುದ್ಧಿ ಎಲ್ಲಿ ಹೋಗುತ್ತೆ. ಲೋಟದಲ್ಲಿ ಕಾಫಿ ಕೊಟ್ಟೆ ನೋಡು ನಿನಗೆ."

ಹೇಳಿದೆಯಾ ಎಂದು ಸೂರ್ಯಕಾಂತಮ್ಮ ಕೇಳಿದಳು. ಹೇಳಿದೆ ಎಂದ ನಂದೀಶ್. ಅವನೇನಂದ ಎಂದಳು. ಬೈದ ಎಂದ. ಅವಳು ಗೋಡೆಗಿದ್ದ ಕುರ್ಚಿಯೊಂದನ್ನು ಕಾಲಿನಿಂದ ಎಳೆದುಕೊಂಡು ಶ್ರೀಕಂಠನ ಎದುರು ಕುಳಿತಳು. ನಂದೀಶನನ್ನು ಪಕ್ಕದಲ್ಲಿ ಬಗ್ಗಿಸಿ ನಿಲ್ಲಿಸಿಕೊಂಡಳು. ಶ್ರೀಕಂಠ ಫೋನಿನಲ್ಲಿ ಫಣೀಂದ್ರನ ಹೆಸರು ಹಿಡಿದು ಕೂಗುತ್ತಿದ್ದ. ಕೆಳಗೆ ಹಡಗಿನ ಮಾಲಿನ ಲಾರಿ ಹಾರ್ನ್ ಹೊಡೆಯುತ್ತಿತ್ತು, ಗೇಟಿನಲ್ಲಿ ಕೂತವರು ಏಳುತ್ತಿರಲಿಲ್ಲ. ಅವಳು ನಂದೀಶನ ಕಾಲರ್ ಬಿಡಲಿಲ್ಲ.